ಹನ್ನೊಂದು ಮಂದಿ ತುಂಗಾ

ಕೆಲಸದಿಂದ ತೆಗೆದುಹಾಕಿದ ದಿನ ಹನ್ನೊಂದು ಹೆಣ್ಣುಮಕ್ಕಳು ಬಿದ್ದು ಬಿದ್ದು ನಕ್ಕರು. ಅಳಬೇಕಾಗಿತ್ತು. ಅಳುತ್ತಾರೆಂದು ಮೊದಲೇ ಲೆಕ್ಕ ಹಾಕಿ ದೇವ್ ಸರ್ ಮೇಜಿನ ಮೇಲೆ ಕಾಗದದ ಕರವಸ್ತ್ರದ ಡಬ್ಬಿ ಇಡಿಸಿದ್ದ. ಡಬ್ಬಿಯ ಮೇಲೆ ಗುಲಾಬಿ ಹೂವಿನ ಚಿತ್ರ ಬೇರೆ.

"ಕಂಪನೀನ ಸ್ವಲ್ಪ ಹಗುರ ಮಾಡಾಕತ್ತೇವಿ," ಅಂದ ಆತ. "ಯಾರೂ ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ."

ಫರ್ಹಾನಾ ಎದ್ದು ನಿಂತಳು. "ಸರ್, ವೆಬ್‌ಸೈಟ್ ಹಗುರ ಮಾಡ್ರಿ ಅಂತ ನಾಲ್ಕು ವರ್ಷದಿಂದ ಹೇಳಾಕತ್ತೀನಿ. ನೀವು ಮಂದೀನ ಹಗುರ ಮಾಡಿದ್ರಲ್ರಿ."

ಪಕ್ಕದಲ್ಲಿದ್ದ ಸಬೀನಾಳ ಮೂಗಿನಿಂದ ಪುಸಕ್ಕನೆ ಸದ್ದು ಬಂತು. ಶೇಖವ್ವ ಸೆರಗು ಬಾಯಿಗೆ ತುರುಕಿಕೊಂಡಳು. ಅಷ್ಟೇ ಸಾಕಾಯಿತು. ನಗು ಒಬ್ಬಳಿಂದ ಒಬ್ಬಳಿಗೆ ಹತ್ತಿ ಇಡೀ ಕೋಣೆಯನ್ನೇ ಹಿಡಿಯಿತು. ಒಬ್ಬಳಂತೂ ಆ ಡಬ್ಬಿಯಿಂದ ಕಾಗದ ಎಳೆದು ನಕ್ಕು ನಕ್ಕು ಬಂದ ಕಣ್ಣೀರು ಒರೆಸಿಕೊಂಡಳು. ದೇವ್ ಸರ್ ಡಬ್ಬಿಯನ್ನು ಇನ್ನಷ್ಟು ಹತ್ತಿರ ಸರಿಸಿದ. ಅಳುವವರಿಗೆ ಹೇಳುವ ಮಾತು ಕಲಿತು ಬಂದಿದ್ದ. ನಗುವವರಿಗೆ ಹೇಳುವ ಮಾತು ಆತನ ಹತ್ತಿರ ಇರಲಿಲ್ಲ.

ನಗುವಂಥದ್ದು ಏನೂ ಆಗಿರಲಿಲ್ಲ ನೋಡಿ. ನಾಲ್ಕು ವರ್ಷದ ಅನ್ನ ಹೋಗಿತ್ತು. ಆದರೆ ನಾಲ್ಕು ವರ್ಷ ನಗಲು ಬಿಡದೆ ಕೂಡಿಸಿದರೆ ಹೀಗೇ ಆಗುವುದು. ಆ ಕೋಣೆಯಲ್ಲಿ ಏನು ನಡೆಯುತ್ತಿತ್ತು ಅನ್ನುವುದನ್ನು ಹೇಳಿದರೆ ನಿಮಗೂ ಗೊತ್ತಾಗುತ್ತದೆ.

ಬೆಟಗೇರಿಯಲ್ಲಿ ಮಗ್ಗದ ಶೆಡ್ಡಿನ ಮೇಲೆ ಎರಡನೇ ಮಹಡಿಯಲ್ಲಿ ದೇವ್ ಸರ್‌ನ ಕಂಪನಿ. ಆತನ ಖರೆ ಹೆಸರು ದೇವೇಂದ್ರಪ್ಪ. ತನ್ನ ಹೆಸರನ್ನು ಅರ್ಧ ಕತ್ತರಿಸಿಕೊಂಡಿದ್ದ. ನಮ್ಮ ಹೆಣ್ಣುಮಕ್ಕಳ ಹೆಸರನ್ನು ಪೂರಾ ಕತ್ತರಿಸಿದ್ದ. ಒಂದು ಬೀಜ-ಗೊಬ್ಬರದ ದೊಡ್ಡ ಕಂಪನಿಗೆ ಈತ ವೆಬ್‌ಸೈಟ್ ಮಾಡಿಕೊಟ್ಟಿದ್ದ. ರೈತರು ಏನು ಬೇಕಾದರೂ ಕೇಳಬಹುದು, ಕೂಡಲೇ ಉತ್ತರ. ಮೂಲೆಯಲ್ಲಿ ಹಸಿರು ಸೀರೆ ಉಟ್ಟ ಹುಡುಗಿಯ ಚಿತ್ರ. "ನಾನು ತುಂಗಾ. ಯಂತ್ರಬುದ್ಧಿಯ ಗೆಳತಿ," ಎಂದು ಆಕೆ ಕಣ್ಣು ಮಿಟುಕಿಸುತ್ತಿದ್ದಳು.

ಯಂತ್ರವೂ ಇಲ್ಲ, ಬುದ್ಧಿಯೂ ಅವನದಲ್ಲ. ತುಂಗಾ ಅಂದರೆ ಆ ಕೋಣೆಯೊಳಗಿನ ಹನ್ನೊಂದು ಮಂದಿ. ಸಿಂಗಟಾಲೂರಿನ ಹೊಲದಲ್ಲಿ ನಿಂತು ರೈತ "ಇವತ್ತ ಕಾಲುವಿಗೆ ನೀರ ಬಿಡ್ತಾರೇನ್ರಿ" ಎಂದು ಕೇಳಿದರೆ ಇಲ್ಲಿ ಯಾರೋ ಒಬ್ಬಳು ಫೋನು ಮಾಡಿ ತಿಳಿದುಕೊಂಡು ಬೆರಳು ನೋಯುವ ತನಕ ಕುಟ್ಟಿ ಉತ್ತರ ಕಳಿಸಬೇಕು. ಕಳಿಸುವ ಮುಂಚೆ ನಾಲ್ಕು ಸೆಕೆಂಡು ಕಾಯಬೇಕು. ಯಾಕೆಂದರೆ ಯಂತ್ರ ವಿಚಾರ ಮಾಡುತ್ತಿದೆ ಅನ್ನಿಸಬೇಕಲ್ಲ. ತಾನು ಮನುಷ್ಯಳು ಎಂದು ಹೇಳಕೂಡದು. ಹೆಸರು ಹೇಳಕೂಡದು. ಹೇಳಿದರೆ ಅವತ್ತೇ ಮನೆಗೆ.

ಕಿಟಕಿಯ ಗಾಜಿಗೆ ಬಣ್ಣ ಬಳಿದಿದ್ದರು. ಹೊರಗಿನವರಿಗೆ ಕಾಣಬಾರದು ಎಂದು. ಕೆಳಗೆ ಮಗ್ಗದ ಖಟಖಟ, ಮೇಲೆ ಇವರ ಟಕಟಕ. ಒಬ್ಬೊಬ್ಬರ ಪರದೆಯ ಮೇಲೂ ಒಂದು ಚುಕ್ಕೆ. ಬೆರಳು ಓಡುತ್ತಿದ್ದರೆ ಹಸಿರು. ಎರಡು ನಿಮಿಷ ನಿಂತರೆ ಹಳದಿ. ಆರು ನಿಮಿಷಕ್ಕೆ ಕೆಂಪು. ಪಾಯಖಾನೆ ಇದ್ದದ್ದು ಎರಡು ಮಹಡಿ ಕೆಳಗೆ, ಶೆಡ್ಡಿನ ಹಿಂದೆ. ಮುಟ್ಟಿನ ದಿನ ಆರು ನಿಮಿಷದಲ್ಲಿ ಯಾವ ಹೆಣ್ಣು ಹೋಗಿ ಬರುತ್ತಾಳೆ, ನೀವೇ ಹೇಳಿ. ಸಬೀನಾಳ ಚುಕ್ಕೆ ಮೂರು ದಿನ ಕೆಂಪಾಯಿತು. ದೇವ್ ಸರ್ ಎಲ್ಲರ ನಡುವೆ ನಿಂತು ಕೇಳಿದ: "ತುಂಗಾ ಐದು, ಯಾಕ ಕೆಂಪ ಐತಿ?" ಎಲ್ಲರೂ ತಲೆ ತಗ್ಗಿಸಿದರು. ಸಬೀನಾ ಮುಂದಿನ ತಿಂಗಳಿನಿಂದ ಕೆಲಸದ ಹೊತ್ತಿನಲ್ಲಿ ನೀರು ಕುಡಿಯುವುದನ್ನೇ ಬಿಟ್ಟಳು.

ಹೌದು, ನಂಬರು. ತುಂಗಾ ಒಂದು, ತುಂಗಾ ಎರಡು, ಹೀಗೆ ಹನ್ನೊಂದರ ತನಕ. ಫರ್ಹಾನಾ ನದಾಫ ತುಂಗಾ ನಾಲ್ಕು. ಪ್ಲಾಸ್ಟಿಕ್ ಕುರ್ಚಿ ಕುಂಡಿಗೆ ಒತ್ತಿ ಒತ್ತಿ ಗಾಯವಾದಾಗ ಆಕೆಯ ತಾಯಿ ಹಾಜಿರಾಬಿ ಅಂಗಡಿಯಲ್ಲಿ ಉಳಿದ ಹತ್ತಿ ತುಂಬಿ ಹನ್ನೊಂದು ಸಣ್ಣ ಗಾದಿ ಹೊಲಿದುಕೊಟ್ಟಳು. ಪಿಂಜಾರರ ಮನೆ. ಗಾದಿ ತುಂಬುವುದು ಅವರ ವಂಶದ ಕೆಲಸ. ಕಂಪನಿ ಕೊಟ್ಟ ಸೌಕರ್ಯಗಳಲ್ಲಿ ಆ ಗಾದಿಯೊಂದೇ ಮೆತ್ತಗಿತ್ತು, ಅದೂ ಕಂಪನಿ ಕೊಟ್ಟದ್ದಲ್ಲ.

ಶೇಖವ್ವ ಅಸುಂಡಿಯ ಕೇರಿಯವಳು. ಕಸ ಹೊಡೆಯಲು ಬಂದವಳು. ಮೊದಮೊದಲು ಹುಡುಗಿಯರು ಬೆಳೆಯ ಪ್ರಶ್ನೆ ಬಂದರೆ ಕಂಗಾಲಾಗುತ್ತಿದ್ದರು. ಶೇಖವ್ವ ಕಸಬರಿಗೆ ನಿಲ್ಲಿಸಿ ಉತ್ತರ ಹೇಳುತ್ತಿದ್ದಳು. ಇಪ್ಪತ್ತು ವರ್ಷ ಬೇರೆಯವರ ಹೊಲದಲ್ಲಿ ಕಳೆ ಕಿತ್ತವಳಿಗೆ ಯಾವ ಗಿಡದ ಹೊಟ್ಟೆಯಲ್ಲಿ ಏನಿದೆ ಅನ್ನುವುದು ಗೊತ್ತಿರುವುದಿಲ್ಲವೇ? ಒಂದು ದಿನ ಫರ್ಹಾನಾ ಕುರ್ಚಿ ಎಳೆದು, "ಕುಂಡ್ರ ಯಕ್ಕಾ, ನಿಂತು ಎಷ್ಟ ಹೇಳ್ತಿ," ಅಂದಳು. ಹಾಗೆ ಆಕೆ ತುಂಗಾ ಹನ್ನೊಂದು ಆದಳು. ಒಂದೇ ಬೆರಳಿನಲ್ಲಿ ಕುಟ್ಟುತ್ತಿದ್ದಳು, ತಪ್ಪು ಹೇಳುತ್ತಿರಲಿಲ್ಲ. ಹೊರಗಿನವರು ಬರುವ ದಿನ ಮಾತ್ರ ದೇವ್ ಸರ್ ಆಕೆಯ ಕೈಗೆ ಮತ್ತೆ ಕಸಬರಿಗೆ ಕೊಡುತ್ತಿದ್ದ.

ಇನ್ನು ಆ ವೆಬ್‌ಸೈಟ್. ತೆರೆದರೆ ಮೊದಲು ಸೂರ್ಯ ಹುಟ್ಟಬೇಕು. ಆಮೇಲೆ ಹಕ್ಕಿ ಹಾರಬೇಕು. ಆಮೇಲೆ ಜೋಳದ ತೆನೆ ತೂಗಬೇಕು. ಆಮೇಲೆ ಒಂದು ಚೌಕ ಬಂದು ಒಪ್ಪುತ್ತೀರಾ ಎಂದು ಕೇಳಬೇಕು, ಯಾವುದಕ್ಕೆ ಒಪ್ಪಬೇಕೋ ದೇವರಿಗೇ ಗೊತ್ತು. ಹಳ್ಳಿಯ ಫೋನಿನಲ್ಲಿ ಇಷ್ಟೆಲ್ಲ ಆಗುವಷ್ಟರಲ್ಲಿ ಕೇಳುವವನು ಬೇಸತ್ತು ಫೋನು ಜೇಬಿಗೆ ಹಾಕಿರುತ್ತಿದ್ದ. ಫರ್ಹಾನಾ ಗದಗಿನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಓದಿದವಳು. ಈ ಕೆಲಸ ಬಲ್ಲವಳು. ಊಟದ ಬಿಡುವಿನಲ್ಲಿ ಕೂತು ಒಂದು ಪುಟ ಮಾಡಿದಳು. ಬಿಳಿ ನೆಲ, ಕರಿ ಅಕ್ಷರ. ಇವತ್ತು ಕಾಲುವೆಗೆ ನೀರು ಇದೆಯೋ ಇಲ್ಲವೋ. ಗೊಬ್ಬರದ ಅಂಗಡಿ ತೆರೆದಿದೆಯೋ ಇಲ್ಲವೋ. ಕೇಳುವುದಿದ್ದರೆ ಇಲ್ಲಿ ಬರೆಯಿರಿ. ಮುಗಿಯಿತು. ಮುಟ್ಟಿದರೆ ತೆರೆಯುತ್ತಿತ್ತು.

ದೇವ್ ಸರ್ ನೋಡಿ ಮೂಗು ಮುರಿದ. "ಇದೇನಿದು, ಹಿಟ್ಟಿನ ಗಿರಣಿ ಬೋರ್ಡ್ ಆತಲ್ಲ."

"ಗಿರಣಿ ಬೋರ್ಡ್ ಎಲ್ಲಾರಿಗೂ ತಿಳೀತೈತ್ರಿ ಸರ್."

"ತಿಳದ್ರ ನಮ್ಮನ್ನ ಯಾರು ಕೇಳ್ತಾರ? ನಿನ್ನ ಕೆಲಸ ಟೈಪ್ ಮಾಡೂದು. ಮಾಡು."

ಅಲ್ಲೇ ಆಕೆಯ ಕಣ್ಣೆದುರು ಅಳಿಸಿಹಾಕಿದ. ಫರ್ಹಾನಾಳಿಗೆ ಕೆನ್ನೆಗೆ ಹೊಡೆದಂತಾಯಿತು. ಹೊಡೆಸಿಕೊಂಡು ಹೋಗಿ ಕೂತಳು. ಚುಕ್ಕೆ ಹಳದಿಯಾಗಿತ್ತು.

ಹೀಗೆ ನಾಲ್ಕು ವರ್ಷ. ಈ ಹೆಣ್ಣುಮಕ್ಕಳು ಬರೆದ ಒಂದೊಂದು ಮಾತನ್ನೂ ದೇವ್ ಸರ್ ಕೂಡಿಟ್ಟ. ಕೂಡಿಟ್ಟು ಒಂದು ಖರೇ ಯಂತ್ರಕ್ಕೆ ತಿನ್ನಿಸಿದ. ಅದು ತಿಂದು ಮಾತು ಕಲಿಯಿತು. ಈಗ ಇವರು ಬೇಡ. ಆದರೆ ಹೋಗುವ ಮುಂಚೆ ಇನ್ನೂ ನಾಲ್ಕು ದಿನ ಬರಬೇಕು. ಯಂತ್ರ ಹೇಳುವ ಉತ್ತರ ಸರಿಯೋ ತಪ್ಪೋ ಎಂದು ಗುರುತು ಹಾಕಿಕೊಡಬೇಕು. ತನ್ನ ಗೋರಿಯನ್ನು ತಾನೇ ತೋಡಿ, ಅಂಚು ನೆಟ್ಟಗಿದೆಯೇ ಎಂದು ನೋಡಿಕೊಡಬೇಕು ಅಂದ ಹಾಗೆ.

ಬಂದರು. ಯಾಕೆಂದರೆ ಅನುಭವ ಪತ್ರ ಬೇಕಾಗಿತ್ತು. ಫರ್ಹಾನಾಳಿಗೆ ಹುಬ್ಬಳ್ಳಿಯ ಒಂದು ಕಂಪನಿಯಲ್ಲಿ ಕೆಲಸ ಹೆಚ್ಚುಕಡಿಮೆ ನಿಶ್ಚಯವಾಗಿತ್ತು. ವೆಬ್‌ಸೈಟಿನ ಪುಟ ಕಟ್ಟುವ ಕೆಲಸ, ಆಕೆ ಬಯಸಿದ್ದೇ. ನಾಲ್ಕು ವರ್ಷ ದುಡಿದ ಪತ್ರ ತಂದರೆ ಸೋಮವಾರವೇ ಬಾ ಎಂದಿದ್ದರು. ಆ ಪತ್ರ ದೇವ್ ಸರ್‌ನ ಕೈಯಲ್ಲಿತ್ತು.

ಮೊದಲ ದಿನ ಯಂತ್ರದ ಉತ್ತರಗಳನ್ನು ಓದುತ್ತಾ ಸಬೀನಾ ಕಿರುಚಿದಳು. "ಏ, ಇಕಿ ನನ್ನಂಗ ಮಾತಾಡಾಕತ್ತಾಳ."

ಎಲ್ಲರೂ ಬಗ್ಗಿ ನೋಡಿದರು. ಖರೆ. "ಹೌದಲ್ರಿ, ಹೌದಲ್ರಿ" ಎಂದು ಎರಡು ಸಲ ಹೇಳುವುದು ಸಬೀನಾ. "ಆತ್ ತಗೋರಿ, ಚಿಂತಿ ಬಿಡ್ರಿ" ಅನ್ನುವುದು ಫರ್ಹಾನಾ. "ಹೊಲಕ್ಕ ಹೋಗಿ ಕಣ್ಣಾರೆ ನೋಡಿ ಬಂದು ಹೇಳ್ರಿ" ಅನ್ನುವುದು ಶೇಖವ್ವ. ಮಧ್ಯಾಹ್ನದ ಹೊತ್ತು ಯಾರೇ ಬಂದರೂ "ಊಟ ಆತೇನ್ರಿ" ಎಂದು ಕೇಳುವುದು ಹನ್ನೊಂದು ಮಂದಿಯೂ. ಯಂತ್ರಕ್ಕೆ ಊಟ ಅಂದರೆ ಏನೆಂದು ಗೊತ್ತಿಲ್ಲ, ಆದರೂ ಕೇಳುತ್ತಿತ್ತು.

"ನನ್ನ ನಾಲಿಗೀನ ಕಿತಗೊಂಡ ಹೋಗಿ ಆ ಡಬ್ಬಿಗೆ ಹಚ್ಚ್ಯಾರಲ್ಲಬೇ," ಅಂದಳು ಶೇಖವ್ವ. ಆಕೆ ನಗಲಿಲ್ಲ. ಉಳಿದವರು ನಕ್ಕರು.

ಗುರುವಾರ ಬೀಜದ ಕಂಪನಿಯ ಸಾಹೇಬ ಯಂತ್ರವನ್ನು ಪರೀಕ್ಷೆ ಮಾಡಲು ಬಂದ. ದಪ್ಪ ಕನ್ನಡಕ, ಇಸ್ತ್ರಿ ಅಂಗಿ. ಶೇಖವ್ವನ ಕೈಗೆ ಕಸಬರಿಗೆ ಹೋಯಿತು. ಹುಡುಗಿಯರನ್ನು ಆಫೀಸಿನ ಕೆಲಸದವರೆಂದು ಹೇಳಿ ಗೋಡೆಯ ಪಕ್ಕ ನಿಲ್ಲಿಸಿದರು. ದೊಡ್ಡ ಪರದೆಯ ಮೇಲೆ ಸೂರ್ಯ ಹುಟ್ಟಿದ, ಹಕ್ಕಿ ಹಾರಿತು, ತೆನೆ ತೂಗಿತು. ಸಾಹೇಬ ಶೇಂಗಾ ಬೀಜದ ಬಗ್ಗೆ ಏನೋ ಬರೆದ.

ಈಗ ಒಂದು ಮಾತು. ನಮ್ಮ ಕಡೆ ಹೊಸಬರು ಯಾರೇ ಸಿಕ್ಕರೂ ಮೊದಲು ಕೇಳುವುದೊಂದೇ: ನೀವು ಯಾರ ಪೈಕಿ? ಯಾವ ಊರು, ಯಾರ ಮನೆತನ, ಯಾರಿಗೆ ಏನಾಗಬೇಕು. ಅದು ತಿಳಿಯದೆ ಮಾತು ಮುಂದೆ ಹೋಗುವುದಿಲ್ಲ. ಈ ಹುಡುಗಿಯರೂ ನಾಲ್ಕು ವರ್ಷ ಅದನ್ನೇ ಕೇಳಿದ್ದರು. ಯಾಕೆಂದರೆ ಶಿಗ್ಲಿಯ ಯಾವ ಮನೆಯವರು ಅಂತ ಗೊತ್ತಾದರೆ ಅವರ ಹೊಲ ಎರೆಯ ಕರಿಮಣ್ಣೋ ಮಸಾರಿಯ ಕೆಂಪುಮಣ್ಣೋ ಗೊತ್ತಾಗುತ್ತದೆ. ಮಣ್ಣು ಗೊತ್ತಾದರೆ ಉತ್ತರ ಗೊತ್ತಾಗುತ್ತದೆ. ಯಂತ್ರಕ್ಕೆ ಮಣ್ಣಿನ ವಿಷಯ ಹತ್ತಲಿಲ್ಲ, ಪ್ರಶ್ನೆ ಮಾತ್ರ ಹತ್ತಿತ್ತು.

ಪರದೆಯ ಮೇಲೆ ಅಕ್ಷರ ಮೂಡಿದವು: "ಅದಿರ್ಲಿ, ನೀವು ಯಾರ ಪೈಕಿರಿ ಯಣ್ಣಾ?"

ಸಾಹೇಬ ಕನ್ನಡಕ ತೆಗೆದು ಒರೆಸಿದ. ತನ್ನ ಹುದ್ದೆ, ತನ್ನ ಕಂಪನಿ ಬರೆದ. ಯಂತ್ರ ನಾಲ್ಕು ಸೆಕೆಂಡು ಕಾಯಿತು. "ಅಲ್ರಿ, ನಿಮ್ಮವ್ವನ ತವರುಮನಿ ಯಾವ ಊರಾಗ ಬರ್ತೈತಿ? ಊಟ ಮಾಡ್ಕೊಂಡ ಬರ್ರಿ, ಹಸದ ಹೊಟ್ಯಾಗ ಮಾತು ತಿಳಿಯೂದಿಲ್ಲ."

ಗೋಡೆಯ ಪಕ್ಕ ಹತ್ತು ಹೆಣ್ಣುಮಕ್ಕಳು ತುಟಿ ಕಚ್ಚಿಕೊಂಡರು. ಕಸಬರಿಗೆ ಹಿಡಿದಿದ್ದ ಹನ್ನೊಂದನೆಯವಳ ಭುಜ ಕುಣಿಯುತ್ತಿತ್ತು.

"ಇದು ಯಂತ್ರ ಅಲ್ಲ," ಅಂದ ಸಾಹೇಬ. "ಒಳಗೆ ಯಾರೋ ಹೆಂಗಸರನ್ನ ಕೂಡಿಸಿ ಬರೆಸ್ತಾ ಇದೀರಿ."

ಅಬ್ಬಾ, ದೇವ್ ಸರ್‌ನ ಮುಖ ಆಗ ನೋಡಬೇಕಿತ್ತು. ನಾಲ್ಕು ವರ್ಷ ಹೆಂಗಸರನ್ನು ಕೂಡಿಸಿ ಯಂತ್ರ ಯಂತ್ರ ಎಂದು ಆಣೆ ಮಾಡಿದ, ಎಲ್ಲರೂ ನಂಬಿದರು. ಈಗ ಖರೇ ಯಂತ್ರ ತಂದು ನಿಲ್ಲಿಸಿದ್ದಾನೆ, ಒಬ್ಬರೂ ನಂಬುತ್ತಿಲ್ಲ. ಬೆವರು ಒರೆಸಿಕೊಳ್ಳಲು ಆ ಗುಲಾಬಿ ಹೂವಿನ ಡಬ್ಬಿಗೆ ಕೈ ಹಾಕಿದ. ಡಬ್ಬಿ ಖಾಲಿ.

ಸಾಹೇಬ ಕೊನೆಗೆ ಅಂದ, "ನಮ್ಮ ಮೇಲಿನವರಿಗೆ ಬರಹದಲ್ಲಿ ಬೇಕು. ಈ ಹೆಂಗಸರು ಯಾವತ್ತೂ ಉತ್ತರ ಬರೆದಿಲ್ಲ ಅಂತ ಒಬ್ಬೊಬ್ಬರೂ ಸಹಿ ಹಾಕಿ ಕೊಡಲಿ. ನಾಳೆ ಬೆಳಿಗ್ಗೆ ಬರ್ತೀನಿ."

ಸಂಜೆ ದೇವ್ ಸರ್‌ನ ಕಂಪನಿಯ ಕಾಗದಪತ್ರ ನೋಡುವ ಅಂಕಿತಾ ಮೇಡಂ ಹನ್ನೊಂದು ಹಾಳೆ ಹಂಚಿದಳು. ಬೆಂಗಳೂರಿನಿಂದ ಬಂದ ಹುಡುಗಿ, ಮಾತು ಮೆತ್ತಗೆ. ಹಾಳೆಯಲ್ಲಿ ಹೀಗಿತ್ತು: ತುಂಗಾಳ ಒಂದು ಉತ್ತರವನ್ನೂ ನಾನು ಬರೆದಿಲ್ಲ. ಬರೆದೆನೆಂದು ಎಲ್ಲಿಯೂ ಹೇಳುವುದಿಲ್ಲ. ನನ್ನ ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ.

"ಸಹಿ ಹಾಕಿದವರಿಗೆ ಅನುಭವ ಪತ್ರ," ಅಂದಳು ಅಂಕಿತಾ. "ಹಾಕದವರಿಗೆ ಇಲ್ಲ. ನನಗೂ ಬೇಜಾರೇ. ಏನ್ ಮಾಡೋದು."

"ಪತ್ರದಾಗ ಏನಂತ ಬರೀತೀರಿ?" ಎಂದಳು ಫರ್ಹಾನಾ.

"ಕಚೇರಿ ಸಹಾಯಕಿ ಅಂತ."

ಫರ್ಹಾನಾ ಹಾಳೆ ಮಡಚಿಕೊಂಡು ಮನೆಗೆ ಬಂದಳು. ಹಾಜಿರಾಬಿ ಅಂಗಡಿಯ ಮುಂದೆ ಕೂತು ಒಂದು ಮದುವೆ ಗಾದಿಗೆ ದಪ್ಪ ದಾರದ ಹೊಲಿಗೆ ಹಾಕುತ್ತಿದ್ದಳು. ಮೈತುಂಬ ಹತ್ತಿಯ ಎಳೆ. ಮಗಳು ಹಾಳೆಯನ್ನು ಓದಿ ಹೇಳಿದಳು.

"ಹುಬ್ಬಳ್ಳಿ ಕೆಲಸಕ್ಕ ಆ ಪತ್ರ ಬೇಕಾ?"

"ಬೇಕವ್ವಾ. ಅದಿಲ್ಲಂದ್ರ ಕೆಲಸ ಇಲ್ಲ."

ಹಾಜಿರಾಬಿ ಸೂಜಿಯನ್ನು ಗಾದಿಗೆ ಚುಚ್ಚಿ ನಿಲ್ಲಿಸಿದಳು. "ನಾ ತುಂಬಿದ ಗಾದಿ ಮ್ಯಾಲೆ ಊರ ಮಂದಿ ಮಲಗ್ತಾರ. ಯಾರೂ ನನ್ನ ಹೆಸರು ತಗಿಯೂದಿಲ್ಲ, ಅದಕ್ಕ ನಾ ಏನೂ ಅಂದಿಲ್ಲ. ಆದ್ರ ನೀ ತುಂಬೇ ಇಲ್ಲ ಅಂತ ಬರದು ಕೊಡು ಅಂದ್ರ, ಹೊಲಿಗಿ ಬಿಚ್ಚಿ ಹತ್ತಿ ಎಲ್ಲಾ ಅವರ ಅಂಗಳದಾಗ ಹಾರಸಿ ಬರ್ತೀನಿ." ಮತ್ತೆ ಸೂಜಿ ಹಿಡಿದಳು. "ನಾ ಹಿಂಗ. ನೀ ಸಾಲಿ ಕಲತಾಕಿ. ನಿನ್ನ ಹೊಟ್ಟಿ, ನಿನ್ನ ಬಾಳೇವು, ನೀನ ನೋಡು."

ಫರ್ಹಾನಾ ಅವತ್ತು ಸರಿಯಾಗಿ ಉಣ್ಣಲಿಲ್ಲ. ಹುಬ್ಬಳ್ಳಿಯ ಕೆಲಸ ಬೇಕಾಗಿತ್ತು. ಬಹಳ ಬೇಕಾಗಿತ್ತು. ಅದನ್ನು ಮುಚ್ಚಿ ಹೇಳುವುದರಲ್ಲಿ ಅರ್ಥವಿಲ್ಲ.

ಶುಕ್ರವಾರ ಬೆಳಿಗ್ಗೆ ಎಲ್ಲರೂ ಸೇರಿದರು. ಸಾಹೇಬ, ದೇವ್ ಸರ್, ಅಂಕಿತಾ, ಹನ್ನೊಂದು ಮಂದಿ. ಮೇಜಿನ ಮೇಲೆ ಪೆನ್ನು. ಫರ್ಹಾನಾ ಪೆನ್ನು ಮುಟ್ಟಲಿಲ್ಲ. ಏನೋ ಒಂಥರಾ ಭಯ, ಒಂಥರಾ ಖುಷಿ, ಎತ್ತರದ ಜೋಕಾಲಿಯಲ್ಲಿ ಕೂತ ಹಾಗೆ.

"ಸಾಹೇಬ್ರ, ಸಹಿಕ್ಕಿಂತ ಗಟ್ಟಿ ಸಾಕ್ಷಿ ಕೊಡ್ತೀವಿ. ನಾವೆಲ್ಲಾರೂ ಆ ಗೋಡಿಗೆ ಮುಖ ಮಾಡಿ, ಕೈ ಮ್ಯಾಲೆತ್ತಿ ನಿಂದರ್ತೀವಿ. ನೀವು ಗಟ್ಟಿಯಾಗಿ ಓದಿಕೋತ ತುಂಗಾಗ ಏನರ ಕೇಳ್ರಿ. ಆಕಿ ಹೇಳೂಕಿಂತ ಮೊದಲ ನಾವು ಹೇಳ್ತೀವಿ."

ದೇವ್ ಸರ್ ಬೇಡ ಅನ್ನುವಷ್ಟರಲ್ಲಿ ಹನ್ನೊಂದು ಮಂದಿ ಗೋಡೆಗೆ ಮುಖ ಮಾಡಿ ಕೈ ಎತ್ತಿದ್ದರು. ಬಳೆಗಳು ಮೊಣಕೈಗೆ ಜಾರಿದವು. ಸಾಹೇಬನಿಗೆ ಕುತೂಹಲ. ಓದುತ್ತಾ ಬರೆದ: "ಮೆಣಸಿನ ಗಿಡದ ಎಲೆ ಮುದುಡಿವೆ. ಏನು ಮಾಡಲಿ?"

ಶೇಖವ್ವ ಗೋಡೆಗೆ ಹೇಳಿದಳು: "ಎಲಿ ಮ್ಯಾಲಕ್ಕ ಮುದುಡ್ಯಾವೋ ಕೆಳಕ್ಕೋ, ಮಗಚಿ ನೋಡ್ರಿ. ಅದು ತಿಳಿಯೂತನಕ ಯಾವ ಹುಳದ ಎಣ್ಣೀನೂ ಹೊಡೀಬ್ಯಾಡ್ರಿ. ಹೊಲಕ್ಕ ಹೋಗಿ ಕಣ್ಣಾರೆ ನೋಡಿ ಬಂದು ಹೇಳ್ರಿ."

ಒಂದು, ಎರಡು, ಮೂರು, ನಾಲ್ಕು. ಪರದೆಯ ಮೇಲೆ ಅಕ್ಷರ ಮೂಡಿದವು. ಅಂಕಿತಾ ತನಗರಿವಿಲ್ಲದೆ ಗಟ್ಟಿಯಾಗಿ ಓದಿದಳು. ಎಲೆ ಮೇಲಕ್ಕೋ ಕೆಳಕ್ಕೋ. ಮಗುಚಿ ನೋಡಿ. ಹುಳದ ಎಣ್ಣೆ ಹೊಡೆಯಬೇಡಿ. ಕಣ್ಣಾರೆ ನೋಡಿ ಬಂದು ಹೇಳಿ. ಮಾತಿಗೆ ಮಾತು, ಉಸಿರಿಗೆ ಉಸಿರು.

ಸಬೀನಾ ಗೋಡೆಗೆ ಹಣೆ ಒತ್ತಿ ನಗತೊಡಗಿದಳು. ಸಾಹೇಬ ಇನ್ನೊಂದು ಕೇಳಿದ. ಫರ್ಹಾನಾ ಹೇಳಿದಳು. ಯಂತ್ರವೂ ಅದನ್ನೇ ಹೇಳಿತು. ಮೂರನೆಯದು ಸಬೀನಾಳ ಪಾಲಿಗೆ ಬಂತು. ಆಕೆ ನಗುವಿನ ನಡುವೆಯೇ "ಹೌದಲ್ರಿ, ಹೌದಲ್ರಿ" ಅಂದಳು. ಪರದೆಯ ಮೇಲೆ ಎರಡು ಸಲ "ಹೌದಲ್ರಿ" ಬಿತ್ತು. ಎತ್ತಿದ ಕೈಗಳು ಇಳಿದು ಹೊಟ್ಟೆ ಹಿಡಿದುಕೊಂಡವು. ಸಾಹೇಬನೂ ನಕ್ಕ. ಅಂಕಿತಾಳೂ ನಕ್ಕಳು. ಮಗ್ಗದವರು ಕೆಲಸ ಬಿಟ್ಟು ಏನಾಯಿತೆಂದು ಮೆಟ್ಟಿಲ ಬುಡಕ್ಕೆ ಬಂದರು.

"ತಿಳೀತಲ್ರಿ ಸಾಹೇಬ್ರ," ಅಂದಳು ಫರ್ಹಾನಾ. "ಇದು ಯಂತ್ರ, ಖರೆ. ಆದ್ರ ಇದರ ಮಾತು ನಮ್ಮದು. ನಾಲ್ಕು ವರ್ಷ ನಾವ ತುಂಗಾ."

ಸಾಹೇಬ ಕನ್ನಡಕ ಸರಿ ಮಾಡಿಕೊಂಡ. ನಗು ನಿಲ್ಲಿಸಿದ. "ಯಂತ್ರ ಚೆನ್ನಾಗಿ ಕಲಿತಿದೆ. ನನಗೆ ಅಷ್ಟು ಸಾಕು." ಆಮೇಲೆ ಹಾಳೆಗಳನ್ನು ತೋರಿಸಿದ. "ಆದರೆ ಇದು ಬೇಕೇ ಬೇಕು. ಇಂಥ ಮಾತು ಹೊರಗೆ ಹೋಗಬಾರದು."

ನೋಡಿ, ಹೀಗಿರುತ್ತದೆ. ಇವರದೇ ಮಾತೆಂದು ಕಣ್ಣಾರೆ ಕಂಡ, ಕಿವಿಯಾರೆ ಕೇಳಿದ, ಜೊತೆಗೆ ನಕ್ಕ. ಆಮೇಲೆ ಅದು ನಿಮ್ಮದಲ್ಲ ಎಂದು ಸಹಿ ಹಾಕು ಅಂದ. ಕಾಣದವನಿಗೆ ತೋರಿಸಬಹುದು. ಕಂಡೂ ಒಲ್ಲೆ ಅನ್ನುವವನಿಗೆ ಏನು ತೋರಿಸುತ್ತೀರಿ?

ಫರ್ಹಾನಾ ಹಾಳೆ ತೆಗೆದುಕೊಂಡಳು. ನಾಲ್ಕು ಮಡಿಕೆ ಮಾಡಿದಳು. ಮೇಜಿನ ಒಂದು ಕಾಲು ಗಿಡ್ಡ ಇತ್ತು, ನಾಲ್ಕು ವರ್ಷದಿಂದ ಅಲುಗಾಡುತ್ತಿತ್ತು. ಬಗ್ಗಿ ಅದರ ಕೆಳಗೆ ತುರುಕಿದಳು. ಮೇಜು ಗಟ್ಟಿಯಾಗಿ ನಿಂತಿತು.

"ಸಹಿ ಮಾಡೂದಿಲ್ಲ," ಅಂದಳು.

ದೇವ್ ಸರ್‌ನ ಮೆತ್ತನೆ ಮಾತು ಅಲ್ಲಿಗೆ ಮುಗಿಯಿತು. "ನಿಮ್ಮಂಥಾ ಮಂದೀನ ಗಾದಿ ಅಂಗಡ್ಯಾಗಿಂದ, ಕಸದಾಗಿಂದ ಎಬ್ಬಿಸಿ ತಂದು ಕುರ್ಚಿ ಮ್ಯಾಲೆ ಕುಂದರಸಿದ್ನೆಲ್ಲ, ನನಗ ಬುದ್ಧಿ ಇಲ್ಲ. ಪತ್ರ ಇಲ್ದ ಎಲ್ಲಿ ಕೆಲಸ ಸಿಗ್ತೈತಿ ನಾನೂ ನೋಡ್ತೀನಿ."

"ಕುರ್ಚಿ ನಿಮ್ಮದ್ರಿ," ಅಂದಳು ಫರ್ಹಾನಾ. "ಗಾದಿ ನಮ್ಮವ್ವಂದು." ಹೋಗಿ ತನ್ನ ಕುರ್ಚಿಯ ಗಾದಿ ಎತ್ತಿಕೊಂಡಳು.

ಶೇಖವ್ವ ಕಸಬರಿಗೆಯನ್ನು ತಂದು ದೇವ್ ಸರ್‌ನ ಕೈಗೆ ಕೊಟ್ಟಳು. ಎಸೆಯಲಿಲ್ಲ. ಕೈಯಲ್ಲೇ ಕೊಟ್ಟಳು. ಆತ ಏನೆಂದು ತಿಳಿಯದೆ ಹಿಡಿದುಕೊಂಡ. "ನಂಗ ಸಹಿ ಬರ್ತೈತ್ರಿ," ಅಂದಳು. "ಆದ್ರ ಸುಳ್ಳಿಗೆ ಹಾಕೂದಿಲ್ಲ." ಆಕೆಯೂ ತನ್ನ ಗಾದಿ ಎತ್ತಿಕೊಂಡಳು. ಸಬೀನಾ ತನ್ನದನ್ನು ತಲೆಯ ಮೇಲೆ ಇಟ್ಟುಕೊಂಡಳು. ಆಮೇಲೆ ಒಬ್ಬೊಬ್ಬರಾಗಿ ಹನ್ನೊಂದು ಗಾದಿ ಎದ್ದವು. ಮೇಜಿನ ಮೇಲೆ ಹತ್ತು ಹಾಳೆ, ಕೆಳಗೆ ಒಂದು. ಒಂದರಲ್ಲೂ ಸಹಿ ಇರಲಿಲ್ಲ.

ಬೆಟಗೇರಿಯ ರಸ್ತೆಯಲ್ಲಿ ಹನ್ನೊಂದು ಹೆಣ್ಣುಮಕ್ಕಳು ತಲೆಯ ಮೇಲೆ ಗಾದಿ ಹೊತ್ತು ನಗುತ್ತಾ ಹೋಗುವುದನ್ನು ಜನ ನಿಂತು ನೋಡಿದರು. ಯಾರೋ ಕೇಳಿದರು, "ಎಲ್ಲಿ ಮದುವಿಬೇ?" ಸಬೀನಾ ಹೇಳಿದಳು, "ಮದುವಿ ಅಲ್ಲ ಯಣ್ಣಾ, ನೌಕರಿ ಹೋತು." ಬಜಿ ಅಂಗಡಿಯ ಮುಂದೆ ಗಾದಿ ಹಾಕಿಕೊಂಡು ಕೂತು ಬದನೆಕಾಯಿ ಬಜಿ ತಿಂದರು. ಸಬೀನಾ ಎರಡು ತಂಬಿಗೆ ನೀರು ಕುಡಿದಳು. ಎದ್ದು ಹೋದಳು, ಬಂದಳು. ಎಷ್ಟು ನಿಮಿಷವಾಯಿತೆಂದು ಯಾರೂ ನೋಡಲಿಲ್ಲ.

ಸೋಮವಾರ ಫರ್ಹಾನಾ ಹುಬ್ಬಳ್ಳಿಗೆ ಫೋನು ಮಾಡಿದಳು. "ಪತ್ರ ಇಲ್ಲಾಂದ್ರ ಆಗೂದಿಲ್ರಿ," ಅಂದರು. ಸಿಟ್ಟಿನಿಂದ ಹೇಳಲಿಲ್ಲ, ಸಮಾಧಾನದಿಂದಲೇ ಹೇಳಿದರು. ಫರ್ಹಾನಾ ಹತ್ತಿಯ ರಾಶಿಯಲ್ಲಿ ಮುಖ ಇಟ್ಟು ಅತ್ತಳು. ಕೆಲಸ ಹೋದ ದಿನ ಬರದ ಅಳು ಅವತ್ತು ಬಂತು. ಹಾಜಿರಾಬಿ ಮಗಳ ತಲೆಯ ಮೇಲೆ ಕೈ ಇಟ್ಟು ಕೂತಳು. ಅತ್ತು ಎದ್ದಾಗ ಮಗಳ ಮುಖದ ತುಂಬ ಹತ್ತಿ ಅಂಟಿತ್ತು. ತಾಯಿ ನೋಡಿ ಪಕ್ಕನೆ ನಕ್ಕಳು. ಮಗಳು ಕನ್ನಡಿ ನೋಡಿಕೊಂಡಳು. ಬಿಳಿ ಗಡ್ಡ ಬಂದಂತಿತ್ತು. ಆಕೆಗೂ ನಗು ತಡೆಯಲಾಗಲಿಲ್ಲ.

ಅವತ್ತೇ ಹಳೆಯ ಲ್ಯಾಪ್‌ಟಾಪ್ ತೆಗೆದು ಗಾದಿಗಳ ಮೇಲೆ ಕೂತಳು. ಅಳಿಸಿಹಾಕಿದ್ದ ಪುಟವನ್ನು ಮತ್ತೆ ಕಟ್ಟಿದಳು. ಸೂರ್ಯ ಇಲ್ಲ, ಹಕ್ಕಿ ಇಲ್ಲ. ಮೇಲ್ಗಡೆ ಹೀಗೆ ಬರೆದಳು: "ನಾವು ಯಂತ್ರವಲ್ಲ. ಮೊದಲು ತುಂಗಾ ಎಂದು ಉತ್ತರ ಬರೆಯುತ್ತಿದ್ದವರು. ಊಟದ ಹೊತ್ತಿನಲ್ಲಿ ಉತ್ತರ ಬರುವುದಿಲ್ಲ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನುತ್ತೇವೆ." ಕೆಳಗೆ ಒಂದು ಫೋನ್ ನಂಬರು. ಸಬೀನಾಳ ಅಕ್ಕನ ಗಂಡ ಸಿಂಗಟಾಲೂರಿನ ಕಾಲುವೆ ದಂಡೆಯ ಮೇಲೆ ನಿಂತು ತನ್ನ ಹಳೆಯ ಫೋನಿನಲ್ಲಿ ತೆರೆದು ನೋಡಿದ. "ಬೆರಳು ಇಡೂದ್ರಾಗ ತೆರೀತು," ಎಂದು ಹೇಳಿದ. ಇಷ್ಟೇ ಬೇಕಾಗಿತ್ತು. ನಾಲ್ಕು ವರ್ಷ ಇಷ್ಟೇ ಕೇಳಿದ್ದಳು.

ಇದರಿಂದ ಹೊಟ್ಟೆ ತುಂಬುತ್ತದೆ ಎಂದು ನಾನು ಹೇಳುವುದಿಲ್ಲ. ಶೇಖವ್ವ ಮತ್ತೆ ಕಳೆ ಕೀಳಲು ಹೋಗುತ್ತಾಳೆ, ಸಬೀನಾ ರವಿಕೆ ಹೊಲಿಯುತ್ತಾಳೆ, ಫರ್ಹಾನಾ ತಾಯಿಯ ಜೊತೆ ಹತ್ತಿ ತುಂಬುತ್ತಾಳೆ. ನಡುನಡುವೆ ಸರದಿಯ ಮೇಲೆ ಫೋನು ನೋಡುತ್ತಾರೆ. ಅಲ್ಲಿ ಬೆಟಗೇರಿಯ ಕೋಣೆಯಲ್ಲಿ ಯಂತ್ರ ಇವರ ನಾಲಿಗೆಯಲ್ಲಿ ಮಾತಾಡುತ್ತಲೇ ಇದೆ. ಅದನ್ನು ನಿಲ್ಲಿಸಲು ಇವರಿಂದ ಆಗಲಿಲ್ಲ.

ಮೂರನೇ ದಿನ ಫೋನು ಬಂತು. ಮುದುಕಿಯೊಬ್ಬಳ ದನಿ.

"ಯಾರಬೇ ಮಾತಾಡೂದು? ನಾ ಶಿಗ್ಲಿ ಮೋತಿಬಿ. ಮೊಮ್ಮಗಳು ನಿಮ್ಮ ಹೊಸಾ ಪುಟ ಓದಿ ಹೇಳಿದ್ಲು. ಮೊದಲು ತುಂಗಾ ಅಂತ ಬರೀತಿದ್ದಾಕಿ ನೀನ ಏನು?"

"ಹೌದ್ರಿ ಚಾಚಿ."

"ನಂಗ ಗೊತ್ತಿತ್ತು. ಹೋದ ವರ್ಷ ನನ್ನ ಎಮ್ಮಿ ಸತ್ತಾಗ ಬರಸಿದ್ನೆಲ್ಲ, ಅವತ್ತ ಇಡೀ ದಿನ ನನ್ನ ಕೂಡ ಮಾತಾಡಿದ್ರಿ. ಮಶೀನ್ ಎಲ್ಲೆರ ಮಂದಿ ಎಮ್ಮಿಗೆ ಮರಗ್ತೈತೇನು? ಈಗಿನ ತುಂಗಾನೂ ಹಂಗ ಮಾತಾಡ್ತಾಳ, ಆದ್ರ ಮರಗೂದಿಲ್ಲ. ಕೇಳಿದ್ರ ತಿಳೀತೈತಿ."

ಫರ್ಹಾನಾ ಕೈಯಲ್ಲಿದ್ದ ಹತ್ತಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಇದ್ದೀಯೇನಬೇ?" ಮೋತಿಬಿಗೆ ಈಗ ಸಿಟ್ಟು ಬಂದಿತ್ತು. "ನೋಡು, ಆವಾಗಿಂದ ದಿನಾ ನಮಾಜ್ ಆದ ಮ್ಯಾಲೆ ತುಂಗಾನ ಹೆಸರಿಲೆ ದುವಾ ಮಾಡೀನಿ. ತುಂಗಾಗ ಒಳ್ಳೇದಾಗ್ಲಿ, ತುಂಗಾನ ಮನಿ ತಣ್ಣಗಿರ್ಲಿ ಅಂತ. ಎಲ್ಲಾ ಯಾವದೋ ಡಬ್ಬಿಗೆ ಹೋಗಿ ಬಿದ್ದಾವ. ಖರೇ ಹೆಸರು ಹೇಳ. ಹೊಸದಾಗಿ ಮಾಡ್ತೀನಿ."

ಫರ್ಹಾನಾ ನಕ್ಕಳು. ಕಣ್ಣು ಒರೆಸಿಕೊಂಡಳು, ಮತ್ತೆ ನಕ್ಕಳು.

"ಒಬ್ಬಾಕಿ ಅಲ್ರಿ ಚಾಚಿ. ಹನ್ನೊಂದು ಮಂದಿ ಅದೀವಿ."

"ಇದ್ರ ಇರವಲ್ರ್ಯಾಕ. ಮೊಮ್ಮಗಳು ಪೆನ್ನು ಹಿಡಕೊಂಡ ಕುಂತಾಳ. ಹೇಳು, ಬರಕೋತಾಳ."

ಫರ್ಹಾನಾ ಅಸುಂಡಿಯ ಶೇಖವ್ವನಿಂದ ಶುರು ಮಾಡಿದಳು.